ಫುಟ್‌ಬಾಲೇ ಬಾಯ್ಲರ್: ಪೈಲ್ ಹೊಡೆಯುವ ಆವಿ ಸುತ್ತಿಗೆಯ ಮಾದರಿ ಮನೆಯಲ್ಲೇ ಮಾಡೋದು

ವಿಜ್ಞಾನ ವಸ್ತುಪ್ರದರ್ಶನ ಅಂದರೆ ನಮ್ಮ ಹಾಸನದ ಶಾಲೆಗಳಲ್ಲಿ ಮೂರೇ ಐಟಂ. ಸಿರಿಂಜಿನ ಜೆಸಿಬಿ, ಥರ್ಮಾಕೋಲ್ ಜ್ವಾಲಾಮುಖಿ, ಮಳೆನೀರು ಕೊಯ್ಲು. ಮಗಳು ಒಂಬತ್ತನೇ ಕ್ಲಾಸು. "ಅಪ್ಪ, ಜೆಸಿಬಿ ಮಾತ್ರ ಬೇಡ, ಹೋದ ಸಲ ಏಳು ಜೆಸಿಬಿ ಇತ್ತು" ಅಂದಳು. ಹಾಗಂತ ಮನೆಯಲ್ಲಿ ತಂದಿಟ್ಟಿದ್ದ ಸಿರಿಂಜನ್ನು ಎಸೆಯೋಕೆ ಮನಸ್ಸು ಬರಲಿಲ್ಲ. ಅದರಿಂದಲೇ ಒಂದು ಆವಿ ಸುತ್ತಿಗೆ ಮಾಡಿದೆವು. ಸೇತುವೆ, ಬಂದರು ಕಟ್ಟುವಾಗ ನೆಲಕ್ಕೆ ಉದ್ದದ ಗೂಟ ಹೊಡೀತಾರಲ್ಲ, ಪೈಲು ಅಂತೀವಲ್ಲ, ಅದನ್ನು ಹೊಡೆಯುವ ಸುತ್ತಿಗೆ. ಮೂರು ಭಾನುವಾರ ಹಿಡಿಯಿತು. ಎರಡು ಸಿರಿಂಜು ಒಡೆದವು. ನೀವು ಮಾಡೋದಾದರೆ ಒಂದೇ ಭಾನುವಾರ ಸಾಕಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಇದು ಕೆಲಸ ಮಾಡೋದು ಹೇಗೆ ಅಂತ ತಲೆಯಲ್ಲಿ ಕೂರಬೇಕು, ಆಮೇಲೆ ಗರಗಸ ಹಿಡೀರಿ.

ಒನಕೆಯಿಂದ ಶುರು ಮಾಡೋಣ. ಆಲೂರಿನಲ್ಲಿ ನಮ್ಮಜ್ಜಿ ಅವಲಕ್ಕಿ ಕುಟ್ಟುವಾಗ ಒನಕೆಯನ್ನು ಮೇಲಕ್ಕೆತ್ತಿ ಕೈ ಸಡಿಲ ಬಿಡುತ್ತಿದ್ದರು. ಎತ್ತೋದಕ್ಕೆ ಅಜ್ಜಿಯ ತೋಳು, ಕುಟ್ಟೋದಕ್ಕೆ ಒನಕೆಯ ಭಾರ. ಈಗ ಅಡುಗೆಮನೆಗೆ ಬನ್ನಿ. ಕುಕ್ಕರ್ ಮೇಲಿನ ವಿಷಲ್ ಒಂದು ಸಣ್ಣ ಭಾರ, ಅಷ್ಟೇ. ಕೆಳಗಿನಿಂದ ಆವಿ ನೂಕಿದಾಗ ಏಳುತ್ತದೆ, ಆವಿ ಪಕ್ಕದಿಂದ ಬುಸ್ ಅಂತ ಹೋದ ಮೇಲೆ ಟಕ್ ಅಂತ ಕೂರುತ್ತದೆ. ಒನಕೆಯನ್ನು ಅಜ್ಜಿಯ ಬದಲು ಕುಕ್ಕರ್ ಎತ್ತಿದರೆ ಏನಾಗುತ್ತದೋ ಅದೇ ಆವಿ ಸುತ್ತಿಗೆ. ಒಳಗೆ ಬೀಳುವ ಭಾರಕ್ಕೆ ರ್ಯಾಮ್ ಅನ್ನುತ್ತಾರೆ. ಆವಿ ಎತ್ತೋದಕ್ಕೆ ಮಾತ್ರ, ಬೀಳೋದು ತನ್ನ ಭಾರಕ್ಕೆ ಅಂತಿದ್ದರೆ ಅದು ಸಿಂಗಲ್ ಆಕ್ಟಿಂಗ್. ನಾವು ಮಾಡೋದು ಅದನ್ನೇ.

ಆವಿ ಬರೋಕೆ ಮುಂಚೆ ಪೈಲು ಹೊಡೀತಾ ಇರಲಿಲ್ವಾ ಅಂದರೆ, ಸಾವಿರಾರು ವರ್ಷದಿಂದ ಹೊಡೀತಾ ಇದ್ದರು. ಭಾರಕ್ಕೆ ಹಗ್ಗ ಕಟ್ಟಿ ಜನ ಎಳೆದು ಬಿಡೋದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಕಟ್ಟುವಾಗ, 1738ರ ಹೊತ್ತಿಗೆ, ಕುದುರೆಗಳನ್ನು ಕಟ್ಟಿ ಸುತ್ತಿಸಿ ಭಾರ ಎತ್ತುವ ಯಂತ್ರ ಇತ್ತು. ಇಂಥದ್ದರಲ್ಲಿ ತೊಂದರೆ ಒಂದೇ. ಭಾರವನ್ನು ತುಂಬಾ ಎತ್ತರಕ್ಕೆ ಎಳೀಬೇಕು, ಕೊಕ್ಕೆ ಕಳಚಿ ಬಿಡಬೇಕು, ಮತ್ತೆ ಹಗ್ಗ ಇಳಿಸಿ ಸಿಕ್ಕಿಸಬೇಕು. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಇಷ್ಟು ಹೊತ್ತು ಸಿಕ್ಕರೆ ನೆಲ ಗೂಟವನ್ನು ಮತ್ತೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೇಲಿಗೆ ಗೂಟ ಹೊಡೆದವರಿಗೆ ಇದು ಗೊತ್ತು, ನಡುವೆ ಕಾಫಿ ಕುಡಿಯೋಕೆ ಹೋದರೆ ಬಂದ ಮೇಲೆ ಮೊದಲ ನಾಲ್ಕು ಏಟು ದಂಡ.

ಇಲ್ಲಿಗೆ ಬಂದವನು ಜೇಮ್ಸ್ ನಾಸ್ಮಿತ್. ಸ್ಕಾಟ್ಲೆಂಡಿನವನು, ಮ್ಯಾಂಚೆಸ್ಟರ್ ಹತ್ತಿರ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಅವನ ಕಾರ್ಖಾನೆ. 1839ರಲ್ಲಿ 'ಗ್ರೇಟ್ ಬ್ರಿಟನ್' ಅನ್ನುವ ದೊಡ್ಡ ಹಡಗಿನ, ನೀರು ತಳ್ಳುವ ಚಕ್ರಕ್ಕೆ ಒಂದು ದಪ್ಪ ಕಬ್ಬಿಣದ ಶಾಫ್ಟ್ ಬೇಕಾಯಿತು, ಅದನ್ನು ಕಾಯಿಸಿ ಬಡಿಯುವಷ್ಟು ಎತ್ತರಕ್ಕೆ ಏಳುವ ಸುತ್ತಿಗೆ ಯಾರ ಹತ್ತಿರವೂ ಇರಲಿಲ್ಲ. ಅವನು ತನ್ನ ನೋಟ್‌ಬುಕ್ಕಿನಲ್ಲಿ ಆವಿ ಸುತ್ತಿಗೆಯ ಚಿತ್ರ ಬಿಡಿಸಿದ. ಮೇಲೆ ಸಿಲಿಂಡರ್, ಪಿಸ್ಟನ್ನಿಗೆ ನೇರವಾಗಿ ನೇತುಬಿದ್ದ ಭಾರ, ಅಷ್ಟೇ. ತಮಾಷೆ ನೋಡಿ, ಹಡಗಿನವರು ಮನಸ್ಸು ಬದಲಿಸಿ ಪ್ರೊಪೆಲ್ಲರ್ ಹಾಕಿಸಿದರು, ಆ ಶಾಫ್ಟೇ ಬೇಕಾಗಲಿಲ್ಲ. ಚಿತ್ರ ಪುಸ್ತಕದಲ್ಲೇ ಉಳಿಯಿತು. 1842ರಲ್ಲಿ ಅವನು ಫ್ರಾನ್ಸಿನ ಲ ಕ್ರೂಸೋ ಕಾರ್ಖಾನೆಗೆ ಹೋದಾಗ ಅಲ್ಲಿ ಅದೇ ಸುತ್ತಿಗೆ ಧಡ್ ಧಡ್ ಅಂತ ಕೆಲಸ ಮಾಡ್ತಾ ಇತ್ತು! ಅವನ ಪುಸ್ತಕ ನೋಡಿದ್ದ ಫ್ರೆಂಚ್ ಎಂಜಿನಿಯರು ಮಾಡಿಬಿಟ್ಟಿದ್ದರು. ಅದೇ ವರ್ಷ ಬಂದು ಪೇಟೆಂಟ್ ತಗೊಂಡ.

ಕಮ್ಮಾರಿಕೆಯ ಸುತ್ತಿಗೆಯನ್ನು ಗೂಟದ ತಲೆ ಮೇಲೆ ಕೂರಿಸಿದರೆ ಹೇಗೆ ಅಂತ ಹೊಳೆದದ್ದೂ ಅವನಿಗೇ. 1845ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್ ಹಡಗುಕಟ್ಟೆಯಲ್ಲಿ ಪಂದ್ಯವೇ ನಡೆಯಿತು. ಎರಡೂ ಕಡೆ ಒಂದೇ ಥರದ ಮರದ ದಿಮ್ಮಿ, 70 ಅಡಿ ಉದ್ದ, 18 ಇಂಚು ಚೌಕ. ಒಂದು ಕಡೆ ಹಳೆಯ ಹಗ್ಗದ ಯಂತ್ರ, ಇನ್ನೊಂದು ಕಡೆ ನಿಮಿಷಕ್ಕೆ 80 ಏಟಿನ ಆವಿ ಸುತ್ತಿಗೆ. ಆವಿ ಸುತ್ತಿಗೆ ನಾಲ್ಕೂವರೆ ನಿಮಿಷಕ್ಕೆ ಮುಗಿಸಿತು. ಹಗ್ಗದವರಿಗೆ ಹನ್ನೆರಡು ಗಂಟೆ ಬೇಕಾಯಿತು ಅಂತ ನಾಸ್ಮಿತ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಗೆದ್ದವನೇ ಬರೆದ ಲೆಕ್ಕ, ಸ್ವಲ್ಪ ಉಪ್ಪು ಖಾರ ಇರಬಹುದು. ಆದರೆ ಮರುವರ್ಷವೇ ನ್ಯೂಕ್ಯಾಸಲ್‌ನ ಹೈ ಲೆವೆಲ್ ಸೇತುವೆಗೆ ಹೆಸರಾಂತ ರೈಲ್ವೆ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಇದೇ ಯಂತ್ರವನ್ನು ತರಿಸಿದ ಅಂದ ಮೇಲೆ ಪೂರ್ತಿ ಬೊಗಳೆಯಂತೂ ಅಲ್ಲ.

ಸರಿ, ಈಗ ಸಾಮಾನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆವಿ ಬಳಸಬೇಡಿ. ಕುಕ್ಕರಿಗೆ ಪೈಪ್ ಸಿಕ್ಕಿಸಿ ಮಾಡೋಣ ಅಂತ ಮಕ್ಕಳಿಗೆ ಖಂಡಿತ ಆಸೆ ಬರುತ್ತದೆ, ನನಗೂ ಬಂತು. ಡ್ರಿಪ್ ಪೈಪು ಆವಿಯ ಬಿಸಿಗೆ ಮೆತ್ತಗಾಗಿ ಕಳಚಿಕೊಂಡರೆ ಮುಖ ಕೈ ಬೇಯುತ್ತದೆ. ಗಾಳಿ ಬಳಸಿ. ಇದು ಮೋಸ ಏನಲ್ಲ, ನಿಜವಾದ ಆವಿ ಸುತ್ತಿಗೆಗಳನ್ನೂ ಆಮೇಲಾಮೇಲೆ ಕಂಪ್ರೆಸರ್ ಗಾಳಿಯಲ್ಲೇ ಓಡಿಸುತ್ತಿದ್ದರು. ಸುತ್ತಿಗೆ ಅದೇ, ಬಾಯ್ಲರ್ ಬದಲು ಕಂಪ್ರೆಸರ್.

ನಮ್ಮ ಬಾಯ್ಲರ್ ಫುಟ್‌ಬಾಲು. ಐದನೇ ನಂಬರಿನ ಚೆಂಡು, ಅದಕ್ಕೆ ಗಾಳಿ ಹಾಕುವ ಸೂಜಿ, ಸೈಕಲ್ ಪಂಪು. ಮೆಡಿಕಲ್ ಶಾಪಿನಲ್ಲಿ 20 ಎಂಎಲ್ ಸಿರಿಂಜು ಮೂರು (ಒಂದು ಸಾಕು ಅಂದುಕೊಳ್ಳಬೇಡಿ), ಡ್ರಿಪ್ ಪೈಪು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಬಳಸುವ ತ್ರೀ-ವೇ ಅನ್ನುವ ಪುಟ್ಟ ಪ್ಲಾಸ್ಟಿಕ್ ನಲ್ಲಿ, ಮತ್ತೆ ಒಂದು ಸಣ್ಣ ಬಾಟಲ್ ಗ್ಲಿಸರಿನ್. ಹಾರ್ಡ್‌ವೇರ್ ಅಂಗಡಿಯಲ್ಲಿ 6 ಎಂಎಂ ದಪ್ಪದ, ಉದ್ದಕ್ಕೂ ತಿರುಪಿನ ಗೆರೆ ಇರುವ ತ್ರೆಡ್ ರಾಡು, 30 ಸೆಂ.ಮೀ.ನ ಎರಡು ತುಂಡು, ಅದಕ್ಕೆ ಎಂಟು ನಟ್ಟು, ಎಂ-ಸೀಲ್. ಗುಜರಿ ಅಂಗಡಿಯಲ್ಲಿ ಹಳೆಯ ಒಂದು ಕೆಜಿ ತೂಕದ ಬಟ್ಟು. ಬಟ್ಟು ಕೊಡೋಕೆ ಗುಜರಿಯವರು ಜಾಸ್ತಿ ಎಳೆದಾಡಿದರು, "ಯಾವ ಅಂಗಡಿ ಇಡ್ತೀರಾ ಸಾರ್" ಅಂತ ಬೇರೆ ಕೇಳಿದರು. ಸ್ಲೈಡಿಂಗ್ ಕಿಟಕಿ ಮಾಡುವವರ ಹತ್ತಿರ ಬಿಸಾಡಿದ ಅಲ್ಯೂಮಿನಿಯಂ ಚಾನೆಲ್ ತುಂಡು ಎರಡು, ತಲಾ ಮೂರಡಿ. ಹಲಗೆ ಚೂರು ಮನೆಯಲ್ಲೇ ಇರುತ್ತದೆ.

ಸುತ್ತಿಗೆಯ ಮೈ ಕಟ್ಟೋದು ಹೀಗೆ. 15 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಎರಡು ಹಲಗೆ ತಗೊಳ್ಳಿ, ಒಂದು ಮೇಲೆ, ಒಂದು ಕೆಳಗೆ, ನಡುವೆ 30 ಸೆಂ.ಮೀ. ಅಂತರ ಬರುವ ಹಾಗೆ ಎರಡು ಪಕ್ಕಕ್ಕೂ ರೀಪಿನ ಕಾಲು ಹೊಡೆಯಿರಿ. ಬಾಗಿಲ ಚೌಕಟ್ಟಿನ ಥರ ಕಾಣಬೇಕು. ಮೇಲಿನ ಹಲಗೆಯ ನಡುವೆ ಸಿರಿಂಜಿನ ಕೊಳವೆ ತೂರುವಷ್ಟು ತೂತು. ಸಿರಿಂಜನ್ನು ಮೂತಿ ಕೆಳಗೆ ಮಾಡಿ ಇಳಿಬಿಟ್ಟರೆ ಅದರ ಕಿವಿ ಹಲಗೆಯ ಮೇಲೆ ಕೂರುತ್ತದೆ. ಒಳಗಿನ ಗಾಳಿ ಪಿಸ್ಟನ್ನನ್ನು ಮೇಲಕ್ಕೆ ನೂಕಿದಾಗ ಕೊಳವೆ ಕೆಳಕ್ಕೆ ಒತ್ತಿಕೊಳ್ಳುತ್ತದಲ್ಲ, ಅದನ್ನು ಈ ಕಿವಿಯೇ ತಡೆಯುತ್ತದೆ. ಅಂಟು ಬೇಡ, ಬೇಗ ಬದಲಾಯಿಸೋಕೆ ಬರಲಿ.

ತೂತಿನ ಆ ಕಡೆ ಈ ಕಡೆ, ಒಂದಕ್ಕೊಂದು 8 ಸೆಂ.ಮೀ. ದೂರದಲ್ಲಿ, ರಾಡು ಸರಾಗವಾಗಿ ಜಾರುವ ಎರಡು ತೂತು. ಮೇಲ್ತುದಿಯಲ್ಲಿ ಎರಡು ರಾಡನ್ನೂ ಸೇರಿಸುವ ಒಂದು ಮರದ ಪಟ್ಟಿ, ಅದು ಸಿರಿಂಜಿನ ಹೆಬ್ಬೆರಳು ಒತ್ತುವ ಜಾಗದ ಮೇಲೆ ಕೂರುತ್ತದೆ. ಕೆಳತುದಿಯಲ್ಲಿ ಇನ್ನೊಂದು ಪಟ್ಟಿ, ಅದರ ಕೆಳಗೆ ಬಟ್ಟನ್ನು ತಂತಿ ಬಿಗಿದು ಎಂ-ಸೀಲ್ ಮೆತ್ತಿ ಕೂರಿಸಿ. ಬಟ್ಟಿನ ನಡು ಸಿರಿಂಜಿನ ನಡುವಿಗೆ ಸರಿಯಾಗಿರಲಿ. ಗಾಳಿ ಬಂದರೆ ಪಿಸ್ಟನ್ ಮೇಲಿನ ಪಟ್ಟಿಯನ್ನು ಎತ್ತುತ್ತದೆ, ಅದರ ಜೊತೆ ರಾಡು, ಕೆಳಗಿನ ಪಟ್ಟಿ, ಬಟ್ಟು ಎಲ್ಲಾ ಏಳುತ್ತವೆ. ಎಲ್ಲ ಸೇರಿ ಸುಮಾರು ಒಂದೂಕಾಲು ಕೆಜಿ.

ನಿಜವಾದ ಸುತ್ತಿಗೆಯಲ್ಲಿ ಹೀಗೆ ಸುತ್ತು ಹಾಕೋದಿಲ್ಲ. ಅಲ್ಲಿ ಪಿಸ್ಟನ್ ರಾಡು ಸಿಲಿಂಡರಿನ ತಳದಿಂದಲೇ ಹೊರಬಂದು ನೇರ ರ್ಯಾಮಿಗೆ ಸೇರುತ್ತದೆ, ರಾಡಿನ ಸುತ್ತ ಆವಿ ಸೋರದ ಹಾಗೆ ಪ್ಯಾಕಿಂಗ್ ಇರುತ್ತದೆ. ಆ ಪ್ಯಾಕಿಂಗನ್ನು ಸಿರಿಂಜಿನಲ್ಲಿ ಮಾಡೋಕೆ ಹೋಗಿ ಒಂದು ಭಾನುವಾರ ಪೂರ್ತಿ ಹಾಳಾಯಿತು. ಬಿಟ್ಟುಬಿಡಿ.

ಲೆಕ್ಕ ಸುಲಭ, ಚಾರ್ಟಿನಲ್ಲಿ ಬರೆಸಿ. ಸಿರಿಂಜಿನ ಒಳ ಅಗಲ ಸುಮಾರು 2 ಸೆಂ.ಮೀ., ಅಂದರೆ ಪಿಸ್ಟನ್ನಿನ ಮುಖ 3.1 ಚದರ ಸೆಂ.ಮೀ. ಒಂದೂಕಾಲು ಕೆಜಿ ಎತ್ತಬೇಕಾದರೆ ಚದರ ಸೆಂ.ಮೀ.ಗೆ 0.4 ಕೆಜಿ ಒತ್ತಡ, ಅಂದಾಜು 6 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಅಂತ). ರಬ್ಬರಿನ ಉಜ್ಜಾಟಕ್ಕೆ ಇನ್ನೆರಡು ಸೇರಿಸಿ, 8. ಫುಟ್‌ಬಾಲಿಗೆ 10-11 ಪಿಎಸ್‌ಐ ಹಾಕಿದರೆ ಧಾರಾಳ. ಅದಕ್ಕಿಂತ ಜಾಸ್ತಿ ಹಾಕಬೇಡಿ.

ಆ ಉಜ್ಜಾಟದ್ದೇ ಒಂದು ಕಥೆ. ಹೊಸ ಸಿರಿಂಜಿನ ರಬ್ಬರು ಬಿಗಿ, ರ್ಯಾಮು ಅರ್ಧ ಇಳಿದು ನಿಂತುಬಿಡುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿದೆವು, ರಾತ್ರಿ ಚೆನ್ನಾಗಿ ಓಡಿತು, ಮಲಗಿದೆವು. ಬೆಳಿಗ್ಗೆ ಏಳು ಗಂಟೆಗೆ ಎದ್ದು ನೋಡಿದರೆ ಅಲ್ಲಾಡ್ತಾ ಇಲ್ಲ. ಡಿಸೆಂಬರಿನ ಹಾಸನ ಅಲ್ವಾ, ಬಚ್ಚಲಲ್ಲಿಟ್ಟ ಎಣ್ಣೆ ಬಾಟಲಿನ ಥರ ಸಿರಿಂಜಿನೊಳಗೂ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಹೊಲಿಗೆ ಮೆಷಿನ್ ಎಣ್ಣೆ ಹಾಕೋಣ ಅಂದರೆ ಅದು ರಬ್ಬರನ್ನು ಉಬ್ಬಿಸುತ್ತದೆ. ಕೊನೆಗೆ ಗೆದ್ದದ್ದು ಗ್ಲಿಸರಿನ್. ಒಂದೇ ಹನಿ, ಬೆರಳಲ್ಲಿ ತೆಳ್ಳಗೆ ಸವರಿ. ರಬ್ಬರಿನ ಸುತ್ತ ಎರಡು ಬಳೆಯಂಥ ಅಂಚು ಇರುತ್ತದೆ, ಮೇಲಿನದನ್ನು ಬ್ಲೇಡಿನಿಂದ ಹುಷಾರಾಗಿ ಹೆರೆದು ತೆಗೆದರೆ ಇನ್ನೂ ಹಗುರ.

ಇನ್ನು ಗೈಡು. ಅಲ್ಯೂಮಿನಿಯಂ ಚಾನೆಲ್ ಎರಡನ್ನೂ ಒಂದು ದಪ್ಪ ಹಲಗೆಯ ಮೇಲೆ ಎದುರುಬದುರು ನಿಲ್ಲಿಸಿ, ಮೇಲ್ತುದಿಗೆ ಒಂದು ಅಡ್ಡಪಟ್ಟಿ ಹೊಡೆಯಿರಿ. ನಡುವೆ ಬಕೆಟ್ ಕೂರುವಷ್ಟು ಜಾಗ ಬೇಕು, ಹಾಗಾಗಿ ಸುತ್ತಿಗೆಯ ಮೈಗೆ ಎರಡೂ ಪಕ್ಕ ಚಾನೆಲ್ ಮುಟ್ಟುವಷ್ಟು ಉದ್ದದ ಪಟ್ಟಿ ಹೊಡೆದುಕೊಳ್ಳಿ. ಮೈ ಪೂರ್ತಿ ಈ ಚಾನೆಲ್ಲಿನಲ್ಲಿ ಮೇಲೆ ಕೆಳಗೆ ಜಾರಬೇಕು. ಯಾಕೆ ಅಂದರೆ ಸುತ್ತಿಗೆ ಮೇಲೆಲ್ಲೋ ನೇತಾಡೋದಿಲ್ಲ, ಪೈಲಿನ ತಲೆ ಮೇಲೇ ಕೂತಿರುತ್ತದೆ. ಪೈಲು ಒಂದು ಇಂಚು ಇಳಿದರೆ ಸುತ್ತಿಗೆಯೂ ಒಂದು ಇಂಚು ಇಳಿಯುತ್ತದೆ, ಹಾಗಾಗಿ ಪ್ರತಿ ಏಟೂ ಅಷ್ಟೇ ಎತ್ತರದ್ದು. ನಾಸ್ಮಿತನ ಕೈಚಳಕದಲ್ಲಿ ನನಗೆ ಜಾಸ್ತಿ ಇಷ್ಟ ಆದದ್ದು ಇದೇ. ಸುತ್ತಿಗೆಯ ಮೈಯ ಭಾರವೂ ಸದಾ ಪೈಲನ್ನು ಒತ್ತುತ್ತಾ ಇರುತ್ತದೆ, ಪುಕ್ಕಟೆ.

ಕೆಳಗಿನ ಹಲಗೆಯ ನಡುವೆ ಎರಡೂವರೆ ಸೆಂ.ಮೀ. ತೂತು. ಪೈಲಿಗೆ ಒಂದು ಟೋಪಿ ಮಾಡಿ. ಐದು ಸೆಂ.ಮೀ. ಅಗಲದ ದುಂಡು ಮರದ ಬಿಲ್ಲೆ, ಅದರ ಮೇಲೆ ತೂತಿನಲ್ಲಿ ಹಾದು ಹಲಗೆಯಿಂದ 2 ಸೆಂ.ಮೀ. ಮೇಲೆ ಕಾಣುವ ಗುಬಟು, ಕೆಳಗೆ ಪೈಲು ಕೂರುವ ಗುಳಿ. ಸುತ್ತಿಗೆಯ ಮೈ ಬಿಲ್ಲೆಯ ಮೇಲೆ ಕೂರುತ್ತದೆ, ರ್ಯಾಮ್ ಗುಬಟಿನ ಮೇಲೆ ಬೀಳುತ್ತದೆ. ದೊಡ್ಡ ಸುತ್ತಿಗೆಗಳಲ್ಲಿ ಇಲ್ಲಿ ಗಟ್ಟಿ ಮರದ ದಿಂಡು ಇಡುತ್ತಿದ್ದರು, ಎಳೆ ನೆಟ್ಟಗೆ ನಿಲ್ಲುವ ಹಾಗೆ, ಕಬ್ಬಿಣಕ್ಕೆ ಕಬ್ಬಿಣ ಬಡಿದು ಪೈಲಿನ ತಲೆ ಒಡೆಯಬಾರದು ಅಂತ. ಏಟಿನ ಬಿಸಿಗೆ ಆ ದಿಂಡು ಹೊಗೆಯಾಡಿ ಕರಕಲಾಗೋದೂ ಇತ್ತು. ಆಮೇಲೆ ಮೈಕಾರ್ಟಾ (ಬಟ್ಟೆಯ ಪದರಕ್ಕೆ ರಾಳ ಹಾಕಿ ಒತ್ತಿದ ಗಟ್ಟಿ ಹಾಳೆ) ಮತ್ತು ಅಲ್ಯೂಮಿನಿಯಂ ಬಿಲ್ಲೆ ಬಂತು. ಒಂದು ಸಣ್ಣ ಪರೀಕ್ಷೆ ಮಾಡಿಸಿ. ಗುಬಟಿನ ಮೇಲೆ ಸೈಕಲ್ ಟ್ಯೂಬಿನ ನಾಲ್ಕು ಪದರ ಇಟ್ಟು ಹೊಡೆಸಿ, ಸದ್ದು ಕಡಿಮೆ ಆಗುತ್ತದೆ, ಪೈಲೂ ಕಡಿಮೆ ಇಳಿಯುತ್ತದೆ. ಮೆತ್ತೆ ಜಾಸ್ತಿ ಆದರೆ ಏಟು ಮೆತ್ತೆಯಲ್ಲೇ ಸಾಯುತ್ತದೆ.

ಈಗ ನಟ್ಟು ಹೊಂದಿಸೋದು. ಎರಡು ಸಿರಿಂಜು ಒಡೆದದ್ದು ಇಲ್ಲೇ. ರ್ಯಾಮು ಗುಬಟಿನ ಮೇಲೆ ಪೂರ್ತಿ ಕೂತಾಗ ಪಿಸ್ಟನ್ ತಳಕ್ಕೆ ತಾಗಿರಬಾರದು, ಮೂರು ಎಂಎಂ ಆದರೂ ಖಾಲಿ ಇರಬೇಕು. ಇಲ್ಲದಿದ್ದರೆ ಏಟು ಪೈಲಿಗೆ ಬೀಳೋ ಬದಲು ಸಿರಿಂಜಿನ ತಳಕ್ಕೆ ಬೀಳುತ್ತದೆ. ಮೊದಲ ಸಿರಿಂಜು ಹನ್ನೊಂದನೇ ಏಟಿಗೆ ಚಟ್ ಅಂತು. ಎರಡನೆಯದು ಸರಿಯಾಗಿ ಹೊಂದಿಸಿದ್ದೆ, ಆದರೆ ಏಟಿನ ಅದುರಿಗೆ ನಟ್ಟು ತಾನಾಗಿ ತಿರುಗಿತ್ತು. ಹಾಗಾಗಿ ಪಟ್ಟಿಯ ಮೇಲೊಂದು ಕೆಳಗೊಂದು ನಟ್ಟು ಹಾಕಿ ಬಿಗಿಯಿರಿ, ಎಂಟು ನಟ್ಟು ಹೇಳಿದ್ದು ಅದಕ್ಕೇ.

ವಾಲ್ವಿಗೆ ಬರೋಣ. ಸುತ್ತಿಗೆಯ ಬುದ್ಧಿ ಇರೋದು ಇದರಲ್ಲಿ.

ತ್ರೀ-ವೇಗೆ ಮೂರು ಬಾಯಿ. ಒಂದನ್ನು ಸಿರಿಂಜಿನ ಮೂತಿಗೆ ಸಿಕ್ಕಿಸಿ, ಇನ್ನೊಂದಕ್ಕೆ ಡ್ರಿಪ್ ಪೈಪಿನಲ್ಲಿ ಫುಟ್‌ಬಾಲ್ ಸೂಜಿ ಕಟ್ಟಿ, ಮೂರನೆಯದನ್ನು ಹಾಗೇ ತೆರೆದು ಬಿಡಿ, ಅದಕ್ಕೆ ಯಾವ ಪೈಪೂ ಬೇಡ. ಪೈಪು ಸೂಜಿಯ ಬುಡಕ್ಕೆ ಸೇರುವ ಕಡೆ ತಂತಿ ಸುತ್ತಿ ಎಂ-ಸೀಲ್ ಹಾಕಿ. ಪೈಪು ಉದ್ದ ಇರಲಿ, ಸುತ್ತಿಗೆ ಇಳಿದಂತೆ ಅದೂ ಇಳಿಯಬೇಕು. ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಚೆಂಡಿನ ಗಾಳಿ ಸಿರಿಂಜಿಗೆ ಹೋಗುತ್ತದೆ, ರ್ಯಾಮು ಏಳುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಚೆಂಡು ಬಂದ್, ಸಿರಿಂಜಿನ ಗಾಳಿ ಹೊರಕ್ಕೆ. ಟಕ್. ಎತ್ತರ ಐದು ಸೆಂ.ಮೀ. ಮೀರಬಾರದು ಅಂತ ಮೇಲಿನ ಪಟ್ಟಿಗೆ ಎರಡೂ ಕಡೆ ದಾರ ಕಟ್ಟಿಡಿ, ಇಲ್ಲದಿದ್ದರೆ ಪಿಸ್ಟನ್ ಕಿತ್ತು ಮೇಲಕ್ಕೆ ಹಾರುತ್ತದೆ.

ಮಗಳು ಐದು ನಿಮಿಷ ತಿರುಗಿಸಿದಳು. "ಅಪ್ಪ, ಇದನ್ನ ಯಾರಾದ್ರೂ ದಿನಪೂರ್ತಿ ತಿರುಗಿಸ್ತಿದ್ರಾ?" ಒಳ್ಳೆ ಪ್ರಶ್ನೆ. ನಾಸ್ಮಿತನ ಮೊದಲಿನ ಸುತ್ತಿಗೆಗಳಲ್ಲಿ ವಾಲ್ವು ಕೈಯಲ್ಲೇ. ಅವನ ಕಾರ್ಖಾನೆಯ ರಾಬರ್ಟ್ ವಿಲ್ಸನ್ ಅದನ್ನು ತಾನಾಗಿ ತಿರುಗುವ ಹಾಗೆ ಮಾಡಿದ. ಅದನ್ನೇ ಇನ್ನೂ ಸರಳ ಮಾಡಿ, ಮಣ್ಣು ಮಳೆ ಒರಟು ಕೈ ಎಲ್ಲ ತಡೆಯುವ ಹಾಗೆ ಕಟ್ಟಿದ್ದು ಅಮೆರಿಕದ ಷಿಕಾಗೋದ ವಲ್ಕನ್ ಐರನ್ ವರ್ಕ್ಸ್, 1887ರಲ್ಲಿ. ಅದರ ಹೆಸರು ವಾರಿಂಗ್ಟನ್-ವಲ್ಕನ್ ಸುತ್ತಿಗೆ. ಉಪಾಯ ಇಷ್ಟೇ. ರ್ಯಾಮಿನ ಜೊತೆಗೆ ಒಂದು ಕಬ್ಬಿಣದ ಪಟ್ಟಿ ಏರಿಳಿಯುತ್ತದೆ, ಅದರ ಮೇಲೆ ಎರಡು ಉಬ್ಬು. ರ್ಯಾಮು ಮೇಲೆ ಬಂದಾಗ ಒಂದು ಉಬ್ಬು ವಾಲ್ವಿನ ಹಿಡಿಯನ್ನು ಒದೆಯುತ್ತದೆ, ಆವಿ ಬಂದ್, ಒಳಗಿನ ಆವಿ ಹೊರಕ್ಕೆ. ಕೆಳಗೆ ಬಂದಾಗ ಇನ್ನೊಂದು ಉಬ್ಬು ಉಲ್ಟಾ ಒದೆಯುತ್ತದೆ. ಬೀಳುವ ಭಾರವೇ ಮುಂದಿನ ಏಟಿಗೆ ಬಾಗಿಲು ತೆಗೆಯುತ್ತದೆ, ಆವಿ ಇರುವವರೆಗೂ ನಿಲ್ಲೋದಿಲ್ಲ. ಅವರ ನಂಬರ್ 1 ಸುತ್ತಿಗೆಯ ರ್ಯಾಮು 5,000 ಪೌಂಡು, ಅಂದರೆ ಸುಮಾರು 2,270 ಕೆಜಿ. ಎತ್ತರ 3 ಅಡಿ. ನಿಮಿಷಕ್ಕೆ 60 ಏಟು. ನಮ್ಮ ಬಟ್ಟಿನ ಏಟಿಗೆ ಹೋಲಿಸಿದರೆ ಒಂದೊಂದು ಏಟೂ ಮೂವತ್ತು ಸಾವಿರ ಪಟ್ಟಿಗೂ ಜಾಸ್ತಿ.

ಆ ಉಬ್ಬು ಎಲ್ಲಿರಬೇಕು ಅನ್ನೋದರಲ್ಲೇ ಮೇಸ್ತ್ರಿಯ ಕೈ ಗೊತ್ತಾಗೋದು. ಇದನ್ನು ನೀವೇ ಕೈಯಾರೆ ನೋಡಬಹುದು. ರ್ಯಾಮು ಬೀಳ್ತಾ ಇರುವಾಗಲೇ, ಗುಬಟಿಗೆ ತಾಗೋಕೆ ಮುಂಚೆ, ಹಿಡಿಯನ್ನು ಗಾಳಿ ಕಡೆಗೆ ತಿರುಗಿಸಿ. ಟಕ್ ಅನ್ನೋ ಬದಲು ಪುಸ್ ಅಂತ ಮೆತ್ತಗೆ ಕೂರುತ್ತದೆ, ದಿಂಬಿನ ಮೇಲೆ ಬಿದ್ದ ಹಾಗೆ. ನಿಜವಾದ ಸುತ್ತಿಗೆಯಲ್ಲೂ ಆವಿ ಒಂದು ಕ್ಷಣ ಬೇಗ ಬಂದರೆ ಇದೇ ಆಗೋದು. ದೂರದಿಂದ ನೋಡಿದರೆ ಸುತ್ತಿಗೆ ಜೋರಾಗಿ ಓಡ್ತಾ ಇದೆ, ಪೈಲು ಮಾತ್ರ ಇಳಿಯೋದಿಲ್ಲ. ಅಯ್ಯೋ ಬಂಡೆ ಸಿಕ್ಕಿತು ಅಂತ ನಿಲ್ಲಿಸಿಬಿಟ್ಟರೆ ಸೇತುವೆಯ ಪಾಡೇನು? ತಡವಾದರೆ ಅಷ್ಟು ಅಪಾಯ ಇಲ್ಲ, ಏಟು ನಿಧಾನ ಆಗುತ್ತದೆ, ಅಷ್ಟೇ. ಹೊರಹೋಗುವ ಬಾಯಿ ಕಿರಿದಾದರೂ ಏಟು ಸೊರಗುತ್ತದೆ. ಮೂರನೇ ಬಾಯಿಗೆ ಒಂದು ಮೊಳ ಡ್ರಿಪ್ ಪೈಪು ಸಿಕ್ಕಿಸಿ ನೋಡಿ, ಗೊತ್ತಾಗುತ್ತದೆ.

ಓಡಿಸೋದು. ಬಕೆಟಿಗೆ ಒದ್ದೆ ಎಂ-ಸ್ಯಾಂಡ್ ತುಂಬಿ, ಪದರ ಪದರವಾಗಿ ಕೈಯಲ್ಲಿ ದಿಮ್ಮಿಸಿ. ಪೈಲಿಗೆ ಸಲಿಕೆ ಕಾವಿನ ಥರದ್ದು, 2 ಸೆಂ.ಮೀ. ದಪ್ಪದ 40 ಸೆಂ.ಮೀ. ಕೋಲು ಸಾಕು, ತುದಿ ಚೂಪಾಗಿರಲಿ. ಸೆಂ.ಮೀ.ಗೊಂದು ಗೆರೆ ಎಳೆಯಿರಿ, ಐದಕ್ಕೊಂದು ಕೆಂಪು ಗೆರೆ. ಸುತ್ತಿಗೆಯನ್ನು ಮೇಲೆ ಕೂರಿಸಿದ ತಕ್ಷಣ ಏಟೇ ಇಲ್ಲದೆ ಎರಡು ಮೂರು ಸೆಂ.ಮೀ. ಇಳಿಯುತ್ತದೆ, ಗಾಬರಿ ಬೇಡ, ಬರೀ ಭಾರಕ್ಕೆ. ಆಮೇಲೆ ಒಬ್ಬರು ವಾಲ್ವು ತಿರುಗಿಸಲಿ, ಇನ್ನೊಬ್ಬರು ಎಣಿಸಿ ಬರೆಯಲಿ. ರ್ಯಾಮಿನ ಕೆಳಗೆ ಬೆರಳು ಇಡುವ ಹಾಗಿಲ್ಲ, ಒಂದು ಕೆಜಿ ಅಂದರೂ ಉಗುರು ಕಪ್ಪಾಗುತ್ತದೆ. ನಮ್ಮದರಲ್ಲಿ ಮೊದಮೊದಲು ಏಟಿಗೆ ಒಂದು ಸೆಂ.ಮೀ. ಹೋಯಿತು, ಇಪ್ಪತ್ತು ಸೆಂ.ಮೀ. ಆಳದ ಹತ್ತಿರ ಏಟಿಗೆ ನಾಲ್ಕೈದು ಎಂಎಂ. ಚೆಂಡಿಗೆ ಒಂದು ಸಲ ಗಾಳಿ ತುಂಬಿದರೆ ನಲವತ್ತು ಏಟಿನ ಹತ್ತಿರ ಬಂತು, ಆಮೇಲೆ ರ್ಯಾಮು ಅರ್ಧಕ್ಕೇ ಎದ್ದು ಸುಸ್ತಾಗುತ್ತದೆ. ಸೈಟಿನಲ್ಲೂ ಬಾಯ್ಲರ್ ಒತ್ತಡ ಇಳಿದರೆ ಹೀಗೇ, ಅರ್ಧ ಎತ್ತರದ ಏಟನ್ನು ಪೂರ್ತಿ ಏಟು ಅಂತ ಎಣಿಸಿಬಿಡೋ ಅಪಾಯ.

ಈ ಎಣಿಕೆಯಿಂದಲೇ ಪೈಲು ಎಷ್ಟು ಭಾರ ಹೊರುತ್ತದೆ ಅಂತ ಅಂದಾಜು ಹಾಕುತ್ತಿದ್ದರು. 1888ರ ಹೊತ್ತಿಗೆ ಎ. ಎಂ. ವೆಲಿಂಗ್ಟನ್ ಅನ್ನುವವರು ಕೊಟ್ಟ ಸೂತ್ರ, 'ಎಂಜಿನಿಯರಿಂಗ್ ನ್ಯೂಸ್' ಪತ್ರಿಕೆಯ ಹೆಸರಲ್ಲೇ ಪ್ರಸಿದ್ಧ. ರ್ಯಾಮಿನ ತೂಕ ಪೌಂಡಿನಲ್ಲಿ, ಬೀಳುವ ಎತ್ತರ ಅಡಿಯಲ್ಲಿ, ಎರಡನ್ನೂ ಗುಣಿಸಿ ದುಪ್ಪಟ್ಟು ಮಾಡಿ. ಏಟಿಗೆ ಎಷ್ಟು ಇಂಚು ಇಳಿಯಿತೋ ಅದಕ್ಕೆ 0.1 ಸೇರಿಸಿ ಭಾಗಿಸಿ. ನಂಬರ್ 1 ಸುತ್ತಿಗೆಯಲ್ಲಿ ಏಟಿಗೆ ಕಾಲು ಇಂಚು ಇಳಿದರೆ 30,000 ಭಾಗ 0.35, ಹತ್ತಿರ ಹತ್ತಿರ 85,700 ಪೌಂಡು, ಅಂದರೆ 39 ಟನ್. ಹಗ್ಗದಲ್ಲಿ ಎತ್ತಿ ಬಿಡುವ ಸುತ್ತಿಗೆಯಾದರೆ 0.1ರ ಬದಲು 1 ಸೇರಿಸಬೇಕು, ಆಗ ಅದೇ ಏಟಿಗೆ ಬರೀ 11 ಟನ್. ಆರು ಪಟ್ಟು ಸುರಕ್ಷತೆ ಇದರೊಳಗೇ ಸೇರಿದೆ. ಸುಲಭ ಅಲ್ವಾ? ಅದಕ್ಕೇ ನೂರು ವರ್ಷ ಎಲ್ಲರೂ ಬಳಸಿದರು, ಮತ್ತು ಅದಕ್ಕೇ ಇದನ್ನು ಪೂರ್ತಿ ನಂಬಬಾರದು. ಪೈಲು ಒಂದು ಗಟ್ಟಿ ಕಲ್ಲಿನ ಹಾಗೆ ಒಟ್ಟಿಗೆ ಇಳಿಯುತ್ತದೆ ಅಂತ ಇದು ನಂಬುತ್ತದೆ. ನಿಜದಲ್ಲಿ ಏಟು ಒಂದು ಅಲೆಯಾಗಿ ತಲೆಯಿಂದ ಬುಡಕ್ಕೆ ಓಡುತ್ತದೆ. ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹಾಕುವ ದಾರಿಯನ್ನು 1960ರಲ್ಲಿ ಇ. ಎ. ಎಲ್. ಸ್ಮಿತ್ ಪ್ರಕಟಿಸಿದ, ಅವನೂ ಪೈಲ್ ಕಂಪನಿಯೊಂದರ ಎಂಜಿನಿಯರೇ.

ತೀರ್ಪುಗಾರರು ಖಂಡಿತ ಕೇಳುವ ಪ್ರಶ್ನೆ: ಅಷ್ಟು ಭಾರ ಯಾಕೆ, ಹಗುರ ಬಟ್ಟನ್ನು ಜಾಸ್ತಿ ಎತ್ತರದಿಂದ ಬಿಟ್ಟರೆ ಆಗಲ್ವಾ? ಕೈಯಿಂದಲೇ ತೋರಿಸಿ. ಒಂದು ಕೆಜಿ ಬಟ್ಟನ್ನು 5 ಸೆಂ.ಮೀ.ನಿಂದ ಬಿಡಿ, ಕಾಲು ಕೆಜಿಯದನ್ನು 20 ಸೆಂ.ಮೀ.ನಿಂದ ಬಿಡಿ. ಲೆಕ್ಕದಲ್ಲಿ ಎರಡೂ ಒಂದೇ ಶಕ್ತಿ. ಆದರೆ ಕೋಲು, ಟೋಪಿ ಸೇರಿ 300 ಗ್ರಾಂ ಇದ್ದರೆ, ಪುಟಿಯದೆ ಅಂಟಿಕೊಂಡು ಬೀಳುತ್ತದೆ ಅಂತ ಲೆಕ್ಕ ಹಾಕಿದಾಗ, ಒಂದು ಕೆಜಿಯದರಲ್ಲಿ ನೂರಕ್ಕೆ 77ರಷ್ಟು ಶಕ್ತಿ ಕೆಳಕ್ಕೆ ದಾಟುತ್ತದೆ, ಕಾಲು ಕೆಜಿಯದರಲ್ಲಿ 45 ಮಾತ್ರ. ಉಳಿದದ್ದು ಸದ್ದು, ಬಿಸಿ, ಒಡೆದ ಗೂಟದ ತಲೆ. ಮೊಳೆ ಹೊಡೆಯೋ ಸುತ್ತಿಗೆಯಲ್ಲಿ ಬೇಲಿ ಗೂಟ ಹೊಡೆಯೋಕೆ ಹೋದರೆ ಗೂಟ ಇಳಿಯದೆ ತಲೆ ಬರೀ ಪೊರಕೆ ಆಗುತ್ತದಲ್ಲ, ಅದೇ.

ಬಕೆಟ್ ಎರಡಿದ್ದರೆ ಇನ್ನೊಂದಕ್ಕೆ ಕೆರೆಯ ಗೋಡುಮಣ್ಣು ತುಂಬಿ. ಸಂಜೆ ಅರ್ಧ ಹೊಡೆದು ಬಿಡಿ, ಬೆಳಿಗ್ಗೆ ಮುಂದುವರಿಸಿ, ಎರಡೂ ಹೊತ್ತಿನ ಎಣಿಕೆ ಅಕ್ಕಪಕ್ಕ ಬರೆಯಿರಿ. ಜೇಡಿಯಲ್ಲಿ ಪೈಲು ಒಂದು ರಾತ್ರಿ ನಿಂತರೆ ಬಿಗಿಯುತ್ತದೆ.

ಚಾರ್ಟಿನ ಕೊನೆಗೆ ಉಳಿದ ವಂಶಾವಳಿ ನಾಲ್ಕು ಸಾಲಿನಲ್ಲಿ ಸಾಕು. ಆವಿ ಎತ್ತೋದಷ್ಟೇ ಅಲ್ಲ, ಮೇಲಿನಿಂದ ಕೆಳಕ್ಕೂ ನೂಕಿದರೆ ಡಬಲ್ ಆಕ್ಟಿಂಗ್. ಅಜ್ಜಿ ಒನಕೆಯನ್ನು ಬಿಡೋ ಬದಲು ಕೆಳಕ್ಕೆ ಗುದ್ದಿದ ಹಾಗೆ. ಮೆಕೀರ್ನನ್-ಟೆರಿ ಕಂಪನಿಯ 9ಬಿ3 ಸುತ್ತಿಗೆಯ ರ್ಯಾಮು 1,600 ಪೌಂಡು ಮಾತ್ರ, ಆದರೆ ನಿಮಿಷಕ್ಕೆ 145 ಏಟು. ತೆಳುವಾದ ಕಬ್ಬಿಣದ ಹಾಳೆ ಪೈಲಿಗೆ ಇದು ಚೆನ್ನ, ಭಾರದ ಕಾಂಕ್ರೀಟ್ ಪೈಲಿಗೆ ನಿಧಾನದ ದೊಡ್ಡ ರ್ಯಾಮೇ ಬೇಕು. ಆಮೇಲೆ ಡೀಸೆಲ್ ಸುತ್ತಿಗೆ ಬಂತು. ಬಾಯ್ಲರ್ ಬೇಡ, ಸೌದೆ ನೀರು ಬೇಡ, ಬೆಂಕಿ ನೋಡಿಕೊಳ್ಳುವವನ ಸಂಬಳ ಬೇಡ, ನೆಲದ ಮೇಲಿನ ಸಣ್ಣ ಕೆಲಸಗಳಿಂದ ಆವಿ ಸುತ್ತಿಗೆ ಹಿಂದೆ ಸರಿಯಿತು. ಸಮುದ್ರದಲ್ಲಿ ಎಣ್ಣೆ ಬಾವಿಯ ಕಟ್ಟೆಗಳಿಗೆ ಮಾತ್ರ ಅದು ದೈತ್ಯನಾಗಿ ಬೆಳೆಯಿತು, ಹೈಡ್ರಾಲಿಕ್ ಸುತ್ತಿಗೆ ಬರುವವರೆಗೆ. ನಮ್ಮ ಹಾಸನ, ಸಕಲೇಶಪುರದ ಕಡೆ ಈಗ ಸೇತುವೆ ಕೆಲಸ ನಡೆಯುವಲ್ಲಿ ನಿಂತು ನೋಡಿದರೆ ಜಾಸ್ತಿ ಕಾಣೋದು ನೆಲ ಕೊರೆದು ಕಾಂಕ್ರೀಟ್ ತುಂಬುವ ಯಂತ್ರ, ಬಡಿಯೋದೇ ಇಲ್ಲ. ಗಟ್ಟಿ ನೆಲ, ಕೆಳಗೆ ಬಂಡೆ, ಬಡಿದರೆ ಬಡಿದವನಿಗೇ ನೋವು.

ಶಾಲೆಗೆ ತಗೊಂಡು ಹೋಗುವ ದಿನ: ಒಂದು ಎಕ್ಸ್‌ಟ್ರಾ ಸಿರಿಂಜು, ಗ್ಲಿಸರಿನ್ ಬಾಟಲು, ಹತ್ತನೇ ನಂಬರ್ ಸ್ಪ್ಯಾನರು ಬ್ಯಾಗಿನಲ್ಲಿರಲಿ. ಬಟ್ಟು ಕಳಚಿ ಬೇರೆ ಒಯ್ಯಿರಿ, ಆಟೋ ಹಂಪ್ ಹಾರಿದರೆ ರ್ಯಾಮೂ ಹಾರುತ್ತದೆ. ಫುಟ್‌ಬಾಲ್ ಸೂಜಿಯನ್ನು ತೂರಿಸೋಕೆ ಮುಂಚೆ ಒದ್ದೆ ಮಾಡಿಕೊಳ್ಳಿ, ಒಣ ಸೂಜಿ ಒಳಗಿನ ರಬ್ಬರನ್ನು ಹರಿಯುತ್ತದೆ. ಮತ್ತೆ ಚೆಂಡನ್ನು ಮೇಜಿನ ಕೆಳಗೆ, ಹುಡುಗರ ಕಾಲಿಗೆ ಸಿಗದ ಹಾಗೆ ಕಟ್ಟಿಡಿ. ನಮ್ಮ ಬಾಯ್ಲರನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಏಳನೇ ಕ್ಲಾಸಿನವರು ಗ್ರೌಂಡಿಗೆ ತಗೊಂಡು ಹೋಗಿ ಆಡ್ತಾ ಇದ್ದರು.